ಚಿಕ್ಕಗಂಗಮ್ಮನ ದನಿ, ಮುನಿರಾಮಪ್ಪನ ಬೆರಳು

ತಾಯಲೂರಿನಲ್ಲಿ ಚಿಕ್ಕಗಂಗಮ್ಮನ ಮನೆ ಯಾವುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಸ್ಸಿಳಿದು ಅರಳಿಕಟ್ಟೆಯ ಹತ್ತಿರ ಸುಮ್ಮನೆ ನಿಂತರೆ ಸಾಕು, ಅವಳ ದನಿಯೇ ದಾರಿ ತೋರಿಸುತ್ತಿತ್ತು. ಹೆಂಗಸಿನ ಗಂಟಲಲ್ಲ ಅದು. ಗುಡಾಣದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ದಪ್ಪ, ಭಾರ. ಹೆಣ್ಣು ನೋಡಲು ಬಂದ ಮೊದಲ ಎರಡು ಕಡೆಯವರು ಅವಳ ದನಿ ಕೇಳಿದ ಮೇಲೆ ಕಾಫಿ ಕುಡಿದು ಹೋದವರು ತಿರುಗಿ ಬರಲಿಲ್ಲ. ಮೂರನೆಯ ಸಲ ಅವಳ ತಾಯಿ ಕಟ್ಟಪ್ಪಣೆ ಮಾಡಿದಳು: “ಕೇಳಿದ್ದಕ್ಕೆಲ್ಲ ತಲೆ ಆಡ್ಸು. ಬಾಯಿ ಬಿಟ್ರೆ ನೋಡು.” ಆ ಮೂರನೆಯ ಗಂಡು ಮುನಿರಾಮಪ್ಪ. ತಲೆ ಆಡಿಸಿಯೇ ಅವನನ್ನು ಗೆದ್ದಳು.

ಮದುವೆಯಾದ ವಾರಕ್ಕೆ ಅಡುಗೆಮನೆಗೆ ನುಗ್ಗಿದ ಕೋಳಿಯನ್ನು “ಥೂ, ನಡೀ ಆಚೆ” ಎಂದು ಗದರಿದಳು. ಜಗಲಿಯಲ್ಲಿದ್ದ ಅತ್ತೆ “ಒಳಗೆ ಯಾವನ್ಲಾ ಅವ್ನು?” ಎಂದು ಒನಕೆ ಹಿಡಿದು ಬಂದಳಂತೆ. ಊರೆಲ್ಲ ನಕ್ಕಿತು. ಮುನಿರಾಮಪ್ಪ ಮಾತ್ರ, “ಒಳ್ಳೇದೇ ಆಯ್ತು ಬಿಡಮ್ಮ, ಕೆರೆ ಆ ದಡದಲ್ಲಿದ್ರೂ ಊಟಕ್ಕೆ ಕರೀಬಹುದು” ಎಂದ.

ಅವನ ವಂಶದವರು ತಾಯಲೂರು ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಗಳು. ಕೆರೆಗಿಂತ ಬೋರ್‌ವೆಲ್ಲಿಗೆ ಮರ್ಯಾದೆ ಜಾಸ್ತಿಯಾದ ಮೇಲೆ ಪಂಚಾಯ್ತಿಯವರು ಅವನನ್ನೇ ವಾಟರ್‌ಮ್ಯಾನ್ ಮಾಡಿದರು. ಮೋಟರು ಹಾಕುವುದು, ಟ್ಯಾಂಕು ತುಂಬಿಸುವುದು, ಬೀದಿಬೀದಿಗೆ ವಾಲ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಸತ್ತಿತ್ತು. ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯ ಒಂದು ತುದಿಯನ್ನು ಪೈಪಿನ ಮೇಲಿಟ್ಟು ಇನ್ನೊಂದು ತುದಿಗೆ ಬಲಗಿವಿ ಕೊಟ್ಟನೆಂದರೆ, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ಸೋರುತ್ತಿದೆ, ಎಲ್ಲಿ ಗಾಳಿ ಹಿಡಿದಿದೆ ಎಲ್ಲ ಹೇಳಿಬಿಡುತ್ತಿದ್ದ. ಹಳೇ ಪೈಪಿಗೆ ನೀರು ಬಿಡುವಾಗ ವಾಲನ್ನು ಕಾಲು ಸುತ್ತು ತಿರುಗಿಸಿ ಒಂದು ಬೀಡಿ ಸೇದುವಷ್ಟು ಹೊತ್ತು ಕೂರುತ್ತಿದ್ದ. ಆಮೇಲೆ ಇನ್ನು ಕಾಲು ಸುತ್ತು. ಬಿಂದಿಗೆ ಹಿಡಿದು ನಿಂತ ಹೆಂಗಸರು ಬೈದರೂ ಕೇಳುತ್ತಿರಲಿಲ್ಲ.

ತೊಂಬತ್ತನಾಲ್ಕನೇ ಇಸವಿಯಲ್ಲಿ ಅವನಿಗೆ ಕೆಮ್ಮು ಹತ್ತಿತು. ಕಫದಲ್ಲಿ ರಕ್ತ ಬಂತು. ಟಿ.ಬಿ. ಎಂದರು. ದಿನಕ್ಕೊಂದರ ಹಾಗೆ ಎರಡು ತಿಂಗಳು ಸೊಂಟಕ್ಕೆ ಸೂಜಿ, ಜೊತೆಗೆ ಮುಷ್ಟಿ ತುಂಬ ಮಾತ್ರೆ. ಜೀವ ಉಳಿಯಿತು, ಮೈ ಕೂಡ ತುಂಬಿಕೊಂಡಿತು. ಚಿಕ್ಕಗಂಗಮ್ಮ ಕೋಲಾರಮ್ಮನಿಗೆ ಹರಕೆ ತೀರಿಸಿ ಬಂದಳು. ಬಂದ ಮಾರನೆಯ ಬೆಳಿಗ್ಗೆ ಹಂಚಿನ ಸಂದಿಯಲ್ಲಿ ಗುಬ್ಬಿಗಳು ಕಿವಿ ಕಿತ್ತುಹೋಗುವ ಹಾಗೆ ಚೀರುತ್ತಿದ್ದವು. ಅದರ ಕೆಳಗೇ ಕೂತು ಹಲ್ಲುಜ್ಜುತ್ತಿದ್ದ ಮುನಿರಾಮಪ್ಪ ಕೇಳಿದ: “ಏನೇ, ಈ ಸಲ ಗುಬ್ಬಿಗಳು ಬರ್ಲೇ ಇಲ್ವಲ್ಲ?”

ಅವಳು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಅದೇ ವಾರ ಐದು ವರ್ಷದ ಮಗಳು ರಜನಿ ಅವನ ಬೆನ್ನ ಹಿಂದೆಯೇ ಕಲ್ಲಿನ ಮೇಲಿಂದ ಬಿದ್ದು ಕಿರುಚಿತು. ಅವನು ಹಗ್ಗ ಹೊಸೆಯುತ್ತಲೇ ಇದ್ದ. ಅಡುಗೆಮನೆಯಿಂದ ಚಿಕ್ಕಗಂಗಮ್ಮ “ಏನಯ್ಯೋ!” ಎಂದು ಕೂಗಿದಳು ನೋಡಿ, ತಟ್ಟನೆ ತಿರುಗಿದ.

ಆ ಸೂಜಿಮದ್ದು ಕೆಲವರ ಕಿವಿ ತಿಂದುಬಿಡುತ್ತದೆ, ಅದೂ ಕೀರಲು ದನಿಗಳನ್ನು ಮೊದಲು ತಿನ್ನುತ್ತದೆ ಎಂದು ಆಮೇಲೆ ಗೊತ್ತಾಯಿತು. ಸೊಂಟಕ್ಕೆ ಹಾಕಿದ್ದು ಕಿವಿಗೆ ಹೋಗಿ ಕೂತದ್ದು ಹೇಗೆ ಎಂದು ಅವಳು ಬಹಳ ಜನರನ್ನು ಕೇಳಿದಳು, ಯಾರೂ ಅವಳಿಗೆ ಅರ್ಥವಾಗುವ ಹಾಗೆ ಹೇಳಲಿಲ್ಲ. ಅವನಿಗೆ ಉಳಿದದ್ದು ಇಷ್ಟು: ಬಸ್ಸಿನ ಇಂಜಿನ್ನು, ತಮಟೆ, ಗುಡುಗು, ಮೋಟರಿನ ಗುಂಯ್‌ಗುಡುವಿಕೆ, ಕಬ್ಬಿಣದ ಕೀಲಿಯಲ್ಲಿ ಬರುವ ನೀರಿನ ಸದ್ದು. ಗಂಡಸರ ಮಾತು ಗೊಣಗಾಟದ ಹಾಗೆ ಬರುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಹೆಂಗಸರ ಬಾಯಿ ಆಡುತ್ತಿತ್ತು, ದನಿಯೇ ಇಲ್ಲ. ಒಬ್ಬಳನ್ನು ಬಿಟ್ಟು. ಎರಡು ಗಂಡುಗಳು ಬೇಡವೆಂದು ಎದ್ದುಹೋದ, ಗಂಡಸರ ಗಂಟಲಿಗಿಂತ ದಪ್ಪನೆಯ, ವರ್ಷಗಟ್ಟಲೆ ಕೇಳಿ ಪಳಗಿದ ಆ ದನಿ ಮಾತ್ರ ಅಕ್ಷರ ಅಕ್ಷರವಾಗಿ ಅವನ ಬಲಗಿವಿಗೆ ಬೀಳುತ್ತಿತ್ತು.

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೆ ಜಂಬವೂ ಆಯಿತು, ಸುಳ್ಳೇಕೆ ಹೇಳಬೇಕು? ಊರವರು ಮುನಿರಾಮಪ್ಪನಿಗೆ ಏನಾದರೂ ಹೇಳಬೇಕಾದರೆ ಅವಳ ಬಾಗಿಲಿಗೇ ಬರಬೇಕಾಯಿತು. ಮಗಳೂ ಅಷ್ಟೇ. ರಜನಿಯದು ಎಳೆಯ ದನಿ, ನೂಲಿನಷ್ಟು ಸಣ್ಣ. “ಅಪ್ಪಾ, ಪೆನ್ಸಿಲ್ ಬೇಕು” ಎಂದು ಅದು ಅಂದರೆ, “ಪೆನ್ಸಿಲ್ ಬೇಕಂತೆ ಕಣಯ್ಯೋ” ಎಂದು ತಾಯಿ ಅನ್ನಬೇಕು. ಆಗ ಅಪ್ಪನಿಗೆ ಕೇಳುತ್ತಿತ್ತು. ಹೀಗೆ ಆ ಹುಡುಗಿಯ ಬಾಲ್ಯವೆಲ್ಲ ತಾಯಿಯ ಗಂಟಲಲ್ಲಿ ಹಾದು ತಂದೆಯನ್ನು ಮುಟ್ಟಿತು.

ತೊಂಬತ್ತೆಂಟರಲ್ಲಿ ಪಂಚಾಯ್ತಿಗೆ ಹೊಸ ಸೆಕ್ರೆಟರಿ ಬಂದ. ಕಿವುಡನಿಗೆ ನೀರಿನ ಕೆಲಸ ಯಾಕೆ ಎಂದ. ಚಿಕ್ಕಗಂಗಮ್ಮ ಮುಳಬಾಗಿಲಿಗೆ ಓಡಿದಳು. ಅಲ್ಲಿ ತಾಲ್ಲೂಕು ಕಚೇರಿಯ ಹೊರಗೆ, ಹುಣಸೆಮರದಡಿ, ಅರ್ಜಿ ಬರೆದುಕೊಡುವ ಕೋದಂಡರಾಮಪ್ಪ ಕೂರುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಪೂಜಾರಿಗಳ ಗುಣವೆಲ್ಲ ಬಲ್ಲವನು ಈ ಕೋದಂಡರಾಮಪ್ಪ. ಅವಳ ಮಾತೆಲ್ಲ ಕೇಳಿ ಎಲೆ ಅಡಿಕೆ ಉಗಿದು ಬಂದು ಹೇಳಿದ:

“ಅಂಗವಿಕಲರ ಸರ್ಟಿಫಿಕೇಟ್ ಮಾಡ್ಸು. ಅದಿದ್ರೆ ಅವ್ನ ಕೆಲಸ ಯಾವನೂ ಮುಟ್ಟಲ್ಲ, ಬಸ್ ಪಾಸೂ ಸಿಗ್ತದೆ. ಆದ್ರೆ ನೋಡಮ್ಮ, ಸ್ವಲ್ಪ ಕೇಳಿಸ್ತದೆ ಅಂದ್ಯೋ, ಕೆಟ್ಟೆ. ಅರ್ಧ ಕಿವುಡು ಅಂದ್ರೆ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಕಿವಿಗೆ ಸದ್ದು ಬಿಟ್ಟು ‘ಕೇಳಿದ್ರೆ ಬೆರಳೆತ್ತು’ ಅಂತಾರೆ. ಎತ್ತಬಾರ್ದು. ಯಾರೂ ಎತ್ತಲ್ಲ.”

ಯಾರೂ ಎತ್ತಲ್ಲ ಎಂಬ ಮಾತು ಅವಳಿಗೆ ಧೈರ್ಯ ಕೊಟ್ಟಿತು. ಹಿತ್ತಲಲ್ಲಿ ಪಾಠ ಶುರುವಾಯಿತು. ಗಂಡನನ್ನು ಬೇಲಿಯ ಕಡೆ ಮುಖ ಮಾಡಿಸಿ ಕೂರಿಸುವುದು, ಹಿಂದೆ ನಿಂತು ಕರೆಯುವುದು, ಅವನು ತಿರುಗಬಾರದು. ಮೊದಲೆರಡು ದಿನ ಕತ್ತು ತಾನಾಗಿ ತಿರುಗುತ್ತಿತ್ತು. ಮೂರನೇ ದಿನ ತಡೆದುಕೊಂಡ. ನಾಲ್ಕನೇ ದಿನ ಅವಳು “ಮುದ್ದೆ ಆಯ್ತು ಬಾ ಉಣ್ಣಾಕೆ” ಅಂದಳು, ಎದ್ದೇ ಬಂದ. ರಜನಿ ಬಿದ್ದುಬಿದ್ದು ನಕ್ಕಳು. ಎಂಟನೇ ದಿನ ಚಿಕ್ಕಗಂಗಮ್ಮ ಎದೆಯ ಆಳದಿಂದ “ಏನಯ್ಯೋ, ಮನೆಗೆ ಬೆಂಕಿ ಬಿದ್ದೈತೆ!” ಎಂದು ಅರಚಿದಳು. ಎರಡು ಮನೆ ಆಚೆಯವರು ಬಿಂದಿಗೆ ಹಿಡಿದು ಓಡಿಬಂದರು. ಮುನಿರಾಮಪ್ಪ ಬೇಲಿ ನೋಡುತ್ತಾ ಕೂತೇ ಇದ್ದ. ಅವತ್ತು ಗಂಡ ಹೆಂಡಿರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸರ್ಟಿಫಿಕೇಟು ಬಂತು. ಎರಡೂ ಕಿವಿ ಪೂರ್ತಿ ಕಿವುಡು. ಸರ್ಕಾರದ ಮೊಹರು ಬಿದ್ದ ಮೇಲೆ ಅದನ್ನು ಸುಳ್ಳು ಅನ್ನುವವರು ಯಾರು? ಒಂದು ಸುಳ್ಳು ಹೇಳಿದವರು ಆ ಸುಳ್ಳಿನ ಹಾಗೇ ಬದುಕಬೇಕಾಗುತ್ತದೆ ಅಷ್ಟೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ಪರಸ್ಥಳದವರ ಮುಂದೆ ಅವನು ಹೆಂಡತಿಯ ದನಿಗೆ ತಿರುಗುತ್ತಿರಲಿಲ್ಲ. ಮನೆಗೆ ಬಂದು ಬಾಗಿಲು ಮುಂದೆ ಮಾಡಿದ ಮೇಲೆ ಅವಳು “ಸಾಕು ನಾಟಕ” ಅನ್ನುತ್ತಿದ್ದಳು, ಅವನು ನಗುತ್ತಿದ್ದ.

ಒಂಬತ್ತು ವರ್ಷ ಹೀಗೇ ಹೋಯಿತು. ರಜನಿ ಎಸ್ಸೆಸ್ಸೆಲ್ಸಿ ಮುಗಿಸಿ ಮಾಲೂರಿನ ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಎರಡು ಸಾವಿರದ ಏಳರಲ್ಲಿ ಒಂದು ಭಾನುವಾರ ಅವಳು ಪೇಪರಿನ ತುಂಡು ಹಿಡಿದು ಬಂದಳು. ಕೋಲಾರದ ಹೊರಗೆ ಟ್ರಸ್ಟಿನ ಒಂದು ಆಸ್ಪತ್ರೆ. ಅಲ್ಲಿ ಪೂರ್ತಿ ಕಿವುಡರಿಗೆ ಕಿವಿಯೊಳಗೆ ತಂತಿ ಕೂರಿಸಿ ಕೇಳಿಸುವ ಹಾಗೆ ಮಾಡುತ್ತಾರೆ. ವರ್ಷಕ್ಕೆ ನಾಲ್ಕು ಜನಕ್ಕೆ ಬಿಟ್ಟಿ.

“ಅಮ್ಮಾ, ಅಪ್ಪ ನನ್ನ ದನಿ ಕೇಳಿ ಹದಿಮೂರು ವರ್ಷ ಆಯ್ತು. ಈಗ ನನ್ನ ದನಿ ಹೆಂಗೈತೆ ಅಂತಾನೇ ಅವ್ರಿಗೆ ಗೊತ್ತಿಲ್ಲ” ಎಂದಳು ರಜನಿ. ಹೇಳುತ್ತಾ ಹೇಳುತ್ತಾ ಅತ್ತಳು. “ಪೆನ್ಸಿಲ್ ಬೇಕು ಅಂತ ನೀನು ಹೇಳ್ಬಹುದು. ಎಲ್ಲಾನೂ ನೀನೇ ಹೇಳೋಕಾಗತ್ತಾ?”

ಆ ಮಾತು ಚಿಕ್ಕಗಂಗಮ್ಮನಿಗೆ ನಾಟಿತು. ಮಗಳನ್ನು ಕೊಟ್ಟ ಮೇಲೆ ಅವಳ ಕಷ್ಟ ಸುಖ ಅಪ್ಪನಿಗೆ ಯಾರು ಮುಟ್ಟಿಸುತ್ತಾರೆ? ಮತ್ತೆ ಕೋದಂಡರಾಮಪ್ಪನನ್ನು ಕೇಳಿದಳು. “ಸುಮ್ನೆ ಕೊಡೋ ಸಾಮಾನಿಗೆ ಸಾವಿರ ಜನ ಇರ್ತಾರೆ. ಸ್ವಲ್ಪ ಕೇಳಿಸ್ತದೆ ಅಂದ್ರೆ ಪಟ್ಟಿಯಿಂದ ತೆಗೆದುಬಿಸಾಕ್ತಾರೆ. ಹಳೇ ಸರ್ಟಿಫಿಕೇಟೂ ಸುಳ್ಳಾಗ್ತದೆ, ನೆನಪಿಟ್ಕೋ” ಎಂದ ಅವನು.

ಆಸ್ಪತ್ರೆಯ ಡಾಕ್ಟರು ವಿದ್ಯಾಧೀಶ, ಮುಳಬಾಗಿಲಿನ ಹಳೇ ಮನೆತನದವರು, ನಲವತ್ತರ ಒಳಗಿನ ವಯಸ್ಸು, ಮೆತ್ತನೆ ಮಾತು. ಕಿವಿ ಪರೀಕ್ಷೆ ಮಾಡುತ್ತಿದ್ದವಳು ಮೃದುಲಾ ಎಂಬ ಹುಡುಗಿ. ಮೃದುಲಾ ಮುನಿರಾಮಪ್ಪನನ್ನು ಸದ್ದು ನುಗ್ಗದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ತಾನು ಗಾಜಿನ ಈಚೆ ಕೂತು ಗುಂಡಿಗಳನ್ನು ಒತ್ತತೊಡಗಿದಳು. ಕೇಳಿಸಿದರೆ ಬೆರಳೆತ್ತಬೇಕು. ಚಿಕ್ಕಗಂಗಮ್ಮ ಅವಳ ಬೆನ್ನ ಹಿಂದೆ ನಿಂತಿದ್ದಳು.

ಕೀರಲು ಸದ್ದುಗಳಿಗೆ ಅವನು ಕಲ್ಲಿನ ಹಾಗೆ ಕೂತಿದ್ದ. ಅವು ನಿಜವಾಗಿಯೂ ಅವನಿಗೆ ಕೇಳುತ್ತಿರಲಿಲ್ಲ. ಆಮೇಲೆ ದಪ್ಪ ಸದ್ದು ಬಂದಿರಬೇಕು. ಅವನ ಹುಬ್ಬು ಅಲುಗಿತು. ತೊಡೆಯ ಮೇಲಿದ್ದ ತೋರುಬೆರಳು ಒಂದು ಗೇಣೂ ಅಲ್ಲ, ಒಂದು ಗಂಟಿನಷ್ಟು ಮೇಲೆದ್ದಿತು. ಅವನು ಗಾಜಿನಾಚೆಯಿಂದ ಹೆಂಡತಿಯ ಮುಖ ನೋಡಿದ. ಎತ್ತಲೇ ಎಂದು ಕೇಳುವ ನೋಟ ಅದು. ಅವಳು ಇಲ್ಲ ಎಂದು ತಲೆ ಆಡಿಸಿದಳು. ಬೆರಳು ಇಳಿಯಿತು.

ಮೃದುಲಾ ಬರೆದುಕೊಳ್ಳುತ್ತಿದ್ದಳು, ನೋಡಲಿಲ್ಲ. ಹೊರಗೆ ಬಂದ ಮೇಲೆ ಎರಡು ಸಲ ಕೇಳಿದಳು: “ಅಮ್ಮಾ, ಇವರಿಗೆ ಸ್ವಲ್ಪಾನೂ ಕೇಳಿಸಲ್ವಾ? ತಮಟೆ? ಲಾರಿ? ನಿಮ್ಮ ದನಿ?”

“ಸಿಡಿಲು ಬಡಿದ್ರೂ ಕೇಳ್ಸಲ್ಲ ತಾಯಿ” ಎಂದಳು ಚಿಕ್ಕಗಂಗಮ್ಮ.

ಇನ್ನೊಂದು ಯಂತ್ರವಿತ್ತು. ತಲೆಗೆ ತಂತಿ ಅಂಟಿಸಿ, ಮಲಗಿಸಿ, ಕಿವಿಗೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟು, ಒಳಗಿನ ನರ ಮಿಡಿಯುತ್ತದೋ ಇಲ್ಲವೋ ಎಂದು ಗೆರೆ ಎಳೆಯುವ ಯಂತ್ರ. ಅದನ್ನು ಕಂಡು ಚಿಕ್ಕಗಂಗಮ್ಮ ಬೆವತುಹೋದಳು. ಮನುಷ್ಯರಿಗೆ ಸುಳ್ಳು ಹೇಳಬಹುದು, ಯಂತ್ರಕ್ಕೆ ಹೇಳುವುದು ಹೇಗೆ? ಸಿಕ್ಕಿಬಿದ್ದರೆ ಕಾಲಿಗೆ ಬಿದ್ದು ಎಲ್ಲ ಒಪ್ಪಿಕೊಳ್ಳುವುದು ಎಂದು ತೀರ್ಮಾನ ಮಾಡಿಕೊಂಡು ಸೆರಗಿನ ತುದಿ ಕಚ್ಚಿ ನಿಂತಳು. ಅರ್ಧ ಗಂಟೆ ಆದ ಮೇಲೆ ಮೃದುಲಾ ಚೀಟಿ ಹರಿದುಕೊಂಡು, “ಇದರಲ್ಲೂ ಏನೂ ಇಲ್ಲ” ಎಂದಳು. ಚಿಕ್ಕಗಂಗಮ್ಮ ಕಚ್ಚಿದ್ದ ಸೆರಗು ಬಿಟ್ಟಳು. ಕೋಲಾರಮ್ಮನೇ ಯಂತ್ರದೊಳಗೆ ಕೂತು ಕಾಪಾಡಿದಳು ಅಂದುಕೊಂಡಳು.

ಯಾವ ಕಿವಿಗೆ ಆಪರೇಷನ್ ಎಂಬ ಮಾತು ಬಂತು. ಎಡಗಿವಿ ಹಳೇ ಸೋರುಗಿವಿ, ಒಳಗೆಲ್ಲ ಕೆಟ್ಟಿದೆ. ಹೇಗೂ ಎರಡೂ ಒಂದೇ ತಾನೇ, ಬಲಗಿವಿ ಮಾಡೋಣ ಎಂದರು ಡಾಕ್ಟರು. ಚಿಕ್ಕಗಂಗಮ್ಮನ ಬಾಯಿ ತೆರೆಯಿತು. ಬಲಗಿವಿ ಬೇಡ ಎನ್ನಬೇಕೆನಿಸಿತು. ಏನು ಕಾರಣ ಹೇಳುವುದು? ಇರುವುದರ ಜೊತೆಗೆ ಇನ್ನಷ್ಟು ಸೇರುತ್ತದೆ, ಡಾಕ್ಟರಿಗೆ ಗೊತ್ತಿಲ್ಲದ್ದೇ ಎಂದು ಬಾಯಿ ಮುಚ್ಚಿದಳು. ಹೆಣ್ಣು ನೋಡಲು ಬಂದಾಗ ಬಾಯಿ ಮುಚ್ಚಿ ಗೆದ್ದವಳಲ್ಲವೇ ಅವಳು.

ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ಹಿಂಭಾಗದ ನಲ್ಲಿಯ ಹತ್ತಿರ ಯಾರೂ ಇಲ್ಲದ್ದು ನೋಡಿ, “ಭಯ ಆಗ್ತದಾ?” ಎಂದು ಅವನ ಬೆನ್ನ ಹಿಂದೆ ಮೆಲ್ಲಗೆ ಕೇಳಿದಳು. “ಇಲ್ಲ ಕಣೇ. ನಾಳಿದ್ದಿಂದ ರಜನಿ ದನೀನೂ ಕೇಳ್ತೀನಲ್ಲ” ಎಂದ ಅವನು.

ಅವಳ ದನಿ ಅವನ ಸ್ವಂತ ಕಿವಿಗೆ ಕೇಳಿಸಿದ್ದು ಅದೇ ಕಡೆಯ ಸಲ.

ಆಪರೇಷನ್ ಆಗಿ ತಲೆಗೆ ಪಟ್ಟಿ ಕಟ್ಟಿದ್ದಷ್ಟು ದಿನ ಅವಳು ಕರೆಯಲಿಲ್ಲ. ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಹೊರಗೆ ಹಾಕುವ ಯಂತ್ರ ಕೊಡುವುದು ಇನ್ನೂ ಮೂರು ವಾರದ ಮೇಲೆ ಎಂದು ಹೇಳಿ ಮೃದುಲಾ ಟ್ರೇ ಹಿಡಿದು ಹೊರಟಳು. ಮುನಿರಾಮಪ್ಪ ಕಿಟಕಿಯ ಕಡೆ ಮುಖ ಮಾಡಿ ಅಂಗಿ ಹಾಕಿಕೊಳ್ಳುತ್ತಿದ್ದ.

“ಏನಯ್ಯೋ” ಎಂದಳು ಚಿಕ್ಕಗಂಗಮ್ಮ.

ಅವನು ಗುಂಡಿ ಹಾಕಿಕೊಳ್ಳುತ್ತಲೇ ಇದ್ದ.

“ಏನಯ್ಯೋ, ಆ ಯಮ್ಮ ಹೋದ್ಲು. ಸಾಕು ನಾಟಕ.” ಅವಳು ನಗುತ್ತಲೇ ಹೇಳಿದಳು. ಅವನು ಮೇಲಿನ ಗುಂಡಿ ಹಾಕಿಕೊಂಡ. ಅವಳಿಗೆ ಸ್ವಲ್ಪ ಸಿಟ್ಟು ಬಂತು. ದನಿ ಏರಿಸಿ, “ಲೇ ಅಯ್ಯಾ! ಮನೆಗೆ ಬೆಂಕಿ ಬಿದ್ದೈತೆ!” ಎಂದಳು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ತಿರುಗಲಿಲ್ಲ. ಇಷ್ಟು ಚೆನ್ನಾಗಿ ನಾಟಕ ಆಡಲು ಅವನಿಗೆ ಯಾವತ್ತೂ ಬಂದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅವನ ಮುಂದೆ ಹೋಗಿ ನಿಂತಳು. ಅವನು ಅವಳ ಬಾಯಿ ನೋಡಿದ, ಆಮೇಲೆ ಕಣ್ಣು ನೋಡಿದ.

“ಕರೆದ್ಯಾ?” ಎಂದ.

ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದಳು ಮೃದುಲಾ. “ನಾಟಕ ಅಂದ್ರೇನಮ್ಮಾ?” ಎಂದಳು.

ಡಾಕ್ಟರು ಬಂದರು. ಚಿಕ್ಕಗಂಗಮ್ಮ ನಿಂತುಕೊಂಡೇ ಎಲ್ಲ ಹೇಳಿದಳು: ಕೋದಂಡರಾಮಪ್ಪ, ಬೇಲಿ, ಬೆಂಕಿ, ಗಾಜಿನ ಕೋಣೆ, ತಲೆ ಆಡಿಸಿದ್ದು. ಬೈಯುತ್ತಾರೆ ಅಂದುಕೊಂಡಿದ್ದಳು. ಬೈದಿದ್ದರೆ ಅವಳಿಗೂ ಒಳ್ಳೆಯದಾಗುತ್ತಿತ್ತು. ವಿದ್ಯಾಧೀಶರು ಪಕ್ಕದ ಖಾಲಿ ಮಂಚದ ಮೇಲೆ ಕೂತುಬಿಟ್ಟರು. ಆಮೇಲೆ ಫೈಲು ತೆಗೆದು ತಿರುವಿದರು, ಮುಚ್ಚಿದರು, ಮತ್ತೆ ತೆಗೆದರು.

“ನಿಮ್ಮ ದನಿ ಕೇಳ್ತಿತ್ತಾ? ಮಾತು ತಿಳೀತಿತ್ತಾ?”

“ಒಂದಕ್ಷರ ಬಿಡದಂಗೆ ಸಾ.”

“ಅಮ್ಮಾ, ಕಿವಿಯೊಳಗೆ ಬಸವನಹುಳದ ಚಿಪ್ಪಿನ ಹಾಗೊಂದು ಸುರುಳಿ ಇದೆ” ಎಂದರು ಡಾಕ್ಟರು, ತಮಗೇ ಹೇಳಿಕೊಳ್ಳುವವರ ಹಾಗೆ. “ಬಾಗಿಲ ಕಡೆ ಕೀರಲು ದನಿ ಕೇಳೋ ಜಾಗ, ಒಳಗಿನ ತುದೀಲಿ ದಪ್ಪ ದನಿ ಕೇಳೋ ಜಾಗ. ಇವರಿಗೆ ಬಾಗಿಲು ಸತ್ತಿತ್ತು, ಒಳಮನೆ ಜೀವಂತ ಇತ್ತು. ಆ ಟಿಕ್ ಟಿಕ್ ಯಂತ್ರ ಕೇಳೋದು ಬಾಗಿಲ ಕಡೆಯದನ್ನ ಮಾತ್ರ. ಒಳಮನೇಲಿ ಜನ ಇದ್ದಾರೆ ಅಂತ ಸಾಕ್ಷಿ ಹೇಳೋಕೆ ಇದ್ದದ್ದು ಇವರ ಬೆರಳೊಂದೇ. ಏನೂ ಇಲ್ಲ ಅಂತ ನಂಬಿ ನಾನು ತುದಿ ತನಕ ಉದ್ದನೆ ತಂತಿ ತಳ್ಳಿದೆ.”

“ಗೊತ್ತಿದ್ರೆ ಏನ್ ಮಾಡ್ತಿದ್ರಿ ಸಾ?”

ಡಾಕ್ಟರು ಫೈಲು ಮುಚ್ಚಿ ಪಕ್ಕಕ್ಕಿಟ್ಟರು. “ಗಿಡ್ಡ ತಂತಿ ಇರತ್ತೆ, ತುಂಬ ಮೆತ್ತಂದು. ಔಷಧಿ ಹಾಕ್ಕೊಂಡು, ಒಂದೊಂದು ಕೂದಲಿನಷ್ಟು ನಿಧಾನಕ್ಕೆ, ಬಾಗಿಲ ಹತ್ತಿರ ಮಾತ್ರ ಕೂರಿಸ್ತೀವಿ. ಇರೋ ಕಿವಿ ಉಳಿಸೋಕೆ ಅಂತಾನೇ ಮಾಡೋ ಕೆಲಸ ಅದು, ನಾನು ಕಲ್ತು ಬಂದಿದೀನಿ. ನೂರಕ್ಕೆ ನೂರು ಉಳಿಯತ್ತೆ ಅಂತ ಯಾರೂ ಹೇಳಲ್ಲ. ಆದ್ರೆ ಉಳಿದಿದ್ರೆ, ಮಗಳ ದನಿ ಯಂತ್ರದಿಂದ ಕೇಳ್ತಿತ್ತು, ನಿಮ್ಮ ದನಿ ಅವರ ಕಿವಿಯಿಂದಲೇ ಕೇಳ್ತಿತ್ತು. ಎರಡೂ.”

“ಬೆರಳೆತ್ತಿದ್ರೆ ಪಟ್ಟಿಯಿಂದ ತೆಗೀತಿದ್ರಲ್ವಾ?”

“ಯಾಕಮ್ಮ ತೆಗೀತೀವಿ?” ಎಂದರು ವಿದ್ಯಾಧೀಶರು. ಅವರ ಕಣ್ಣಲ್ಲಿ ನೀರಿತ್ತು. “ಇವರಿಗಿದ್ದಷ್ಟಕ್ಕೆ ಖಂಡಿತ ತೆಗೀತಿರ್ಲಿಲ್ಲ.”

ಚಿಕ್ಕಗಂಗಮ್ಮ ನೆಲದ ಮೇಲೆ ಕೂತಳು. ಅಳು ಬರಲಿಲ್ಲ. ಬಾಯಿ ತೆರೆದರೆ ದನಿ ಹೊರಡುತ್ತದೆಂದು, ಆ ದನಿ ಇನ್ನು ಯಾರಿಗೆ ಎಂದು, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಊರಿಗೆ ಬಂದ ಮೇಲೂ ಮೂರು ದಿನ ಅವಳು ಮಾತಾಡಲಿಲ್ಲ. ತಾಯಲೂರು ಬೀದಿಗೆ ಅಂಥ ನಿಶ್ಶಬ್ದ ಹೊಸದು.

ನಾಲ್ಕನೇ ದಿನ ರಜನಿ ತಾನೇ ಆಸ್ಪತ್ರೆಗೆ ಹೋಗಿ ಕೇಳಿಕೊಂಡು, ಡಾಕ್ಟರು ಹೇಳಿದ್ದನ್ನೆಲ್ಲ ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತಂದೆಯ ಕೈಗೆ ಕೊಟ್ಟಳು. ಅವನು ಎರಡು ಸಲ ಓದಿದ. ಬೈಯಲಿ, ಹೊಡೆಯಲಿ ಎಂದು ಚಿಕ್ಕಗಂಗಮ್ಮ ಎದುರಿಗೇ ನಿಂತಿದ್ದಳು.

“ಹಳೇ ಪೈಪಿಗೆ ವಾಲ್ ಒಂದೇಸಲ ತಿರುವಿದ್ರೆ ಒಡೀತದೆ” ಎಂದ ಅವನು. “ಒಳಗೆ ಹಳೇ ಪೈಪು ಇದೆ ಅಂತ ಆ ಡಾಕ್ಟ್ರಿಗೆ ನಾವು ಹೇಳ್ಳಿಲ್ಲ.” ನಾವು ಅಂದ, ನೀನು ಅನ್ನಲಿಲ್ಲ. ಅವತ್ತು ಅವಳು ಅತ್ತಳು.

ಯಂತ್ರ ಹಾಕಿದ ದಿನ ಕಿವಿಯ ಹಿಂದೆ ಒಂದು ಸಣ್ಣ ಪೆಟ್ಟಿಗೆ, ತಲೆಗೆ ಅಂಟುವ ಬಿಲ್ಲೆ. ಮೊದಲು ಬರೀ ತಗಡು ಕುಟ್ಟಿದ ಸದ್ದು ಎಂದ. ನಾಲ್ಕು ತಿಂಗಳು ಮೃದುಲಾ ಮಗ್ಗಿ ಹೇಳಿಸಿದ ಹಾಗೆ ಅಭ್ಯಾಸ ಮಾಡಿಸಿದಳು. ಆಮೇಲೊಂದು ಬೆಳಿಗ್ಗೆ ಜಗಲಿಯಲ್ಲಿ ರಜನಿ, “ಅಪ್ಪಾ, ಬಸ್ಸಿಗೆ ಹೊತ್ತಾಯ್ತು, ಬರ್ತೀನಿ” ಎಂದಳು. ಅವನು ಅವಳ ಬಾಯಿ ನೋಡಿರಲಿಲ್ಲ. “ಹುಷಾರಾಗಿ ಹೋಗಮ್ಮ” ಎಂದ. ರಜನಿ ಚಪ್ಪಲಿ ಒಂದು ಕಾಲಿಗೆ ಹಾಕಿಕೊಂಡವಳು ಹಾಗೇ ನಿಂತುಬಿಟ್ಟಳು. ತಂದೆ ಮ‌ಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಹಂಚಿನ ಸಂದಿಯಲ್ಲಿ ಗುಬ್ಬಿ ಚೀರಿದ್ದಕ್ಕೂ ಅವನು ತಲೆ ಎತ್ತಿ ನೋಡಿದ.

ಒಳಗಿನಿಂದ ಚಿಕ್ಕಗಂಗಮ್ಮ, “ಏನಾಯ್ತು?” ಎಂದು ಕೇಳುತ್ತಾ ಬಂದಳು. ಅವನು ರಜನಿಯ ಕಡೆ ತಿರುಗಿ, “ಯಾರಮ್ಮ ಅದು, ಹೊರಗಡೆಯವರು?” ಎಂದ.

ದಪ್ಪ ದನಿಯನ್ನು ಆ ಯಂತ್ರ ಸರಿಯಾಗಿ ಕೊಡುವುದಿಲ್ಲವಂತೆ. ಎಲ್ಲ ಹೆಂಗಸರ ದನಿ ಹೇಗೋ ಅವಳದೂ ಹಾಗೇ, ತಗಡಿನ ದನಿ. ಊರಲ್ಲೆಲ್ಲ ಒಂದೇ ಒಂದಾಗಿದ್ದ ಆ ಗಂಟಲು ಹತ್ತರ ಜೊತೆ ಹನ್ನೊಂದಾಯಿತು. ಬರುಬರುತ್ತಾ ಅವಳ ಮಾತೂ ಅವನಿಗೆ ತಿಳಿಯುತ್ತಿತ್ತು. ಮಾತು ತಿಳಿಯುತ್ತಿತ್ತು ಅಷ್ಟೆ.

ಮಾಡಿದ್ದುಣ್ಣೋ ಮಹಾರಾಯ ಎಂದು ಬೇರೆಯವರಾಗಿದ್ದರೆ ಮೂಲೆ ಹಿಡಿದು ಕೂರುತ್ತಿದ್ದರು. ಚಿಕ್ಕಗಂಗಮ್ಮ ಕೂರುವ ಜಾತಿಯಲ್ಲ. ಕಿವಿ ಪರೀಕ್ಷೆ ನಡೆಯುವ ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮುಳಬಾಗಿಲು, ಅಲ್ಲಿಂದ ಕೋಲಾರ. ಗಾಜಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಬಂದವರನ್ನೆಲ್ಲ ಹಿಡಿಯತೊಡಗಿದಳು. ಅವಳ ಕತೆ ಕೇಳದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಜನ ಬೈದರು, ಹುಚ್ಚಿ ಎಂದರು. ಆಸ್ಪತ್ರೆಯ ಆಯಾಗಳು ‘ಬೆರಳೆತ್ತು ಗಂಗಮ್ಮ’ ಎಂದು ಹೆಸರಿಟ್ಟರು. ಡಾಕ್ಟರು ಮಾತ್ರ ಆ ಬೆಂಚು ಅಲ್ಲಿಂದ ತೆಗೆಯಬಾರದು ಎಂದು ಹೇಳಿಬಿಟ್ಟರು.

ಮರುವರ್ಷದ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ರಾಯಲ್ಪಾಡಿನಿಂದ ಭಾರತಮ್ಮ ಎಂಬುವಳು ಹದಿನಾರು ವರ್ಷದ ಮಗಳನ್ನು ಕರೆತಂದಳು. ಮನೆಮಾತು ತೆಲುಗು. ಹುಡುಗಿ ಗಾಜಿನಾಚೆ ಕೂತು, ಸದ್ದು ಬಂದಾಗ ತಾಯಿಯ ಮುಖ ನೋಡಿತು. ಭಾರತಮ್ಮ ಕಂಡೂ ಕಾಣದ ಹಾಗೆ ತಲೆ ಆಡಿಸಿದಳು. ಆ ತಲೆಯಾಟ ಚಿಕ್ಕಗಂಗಮ್ಮನಿಗೆ ಗೊತ್ತಿಲ್ಲದ್ದೇ? ಬೆಂಚಿನಿಂದ ಜಿಗಿದು ಬಂದು ಭಾರತಮ್ಮನ ಗದ್ದ ಹಿಡಿದು ಆಚೆ ತಿರುಗಿಸಿ, ಗಾಜಿಗೆ ಮುಖ ಒತ್ತಿ, ತನ್ನ ಬೆರಳನ್ನು ಮೇಲೆತ್ತಿ, ಬೆರಳೆತ್ತು ಎಂದು ತೆಲುಗಿನಲ್ಲಿ ಕೂಗಿದಳು: “ವೇಲೆತ್ತಮ್ಮಾ! ವೇಲೆತ್ತು!” ಹುಡುಗಿ ಬೆಚ್ಚಿಬಿದ್ದು ಬೆರಳೆತ್ತಿತು. ಮೃದುಲಾ ಕುರ್ಚಿಯಿಂದ ಅರ್ಧ ಎದ್ದಳು. ಆ ಹುಡುಗಿಗೆ ಡಾಕ್ಟರು ಗಿಡ್ಡ ತಂತಿ ಹಾಕಿದರು. ಹೊಲಿಗೆ ಬಿಚ್ಚಿದ ದಿನ ಹಿಂದಿನಿಂದ ಅವಳ ತಾತ ಕರೆದ ಕೂಡಲೇ ಯಂತ್ರವಿಲ್ಲದೆಯೇ ತಿರುಗಿದಳಂತೆ. ಸುದ್ದಿ ಕೇಳಿ ಚಿಕ್ಕಗಂಗಮ್ಮ ಬೆಂಚಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಸಂತೋಷವೂ ಹೌದು, ಹೊಟ್ಟೆ ಉರಿದದ್ದೂ ಹೌದು. ಆ ಹೊಟ್ಟೆಯುರಿಗೆ ಅವಳೇ ಬೆಚ್ಚಿದಳು.

ಅವಳದು ಇನ್ನೊಂದು ಗುಟ್ಟಿತ್ತು. ಮುನಿರಾಮಪ್ಪ ದಿನವೂ ಹನ್ನೊಂದಕ್ಕೆ ವಾಲ್ ಕೆಲಸ ಮುಗಿಸಿ ಬಂದು, ಯಂತ್ರ ಬಿಚ್ಚಿ ಗೂಡಿನಲ್ಲಿಟ್ಟು, ಹಿತ್ತಲ ಬಚ್ಚಲುಕಲ್ಲಿನ ಮೇಲೆ ಬೇಲಿಗೆ ಮುಖ ಮಾಡಿ ಸ್ನಾನಕ್ಕೆ ಕೂರುತ್ತಿದ್ದ. ಯಂತ್ರ ಬಿಚ್ಚಿದ ಮೇಲೆ ಗುಡುಗೂ ಇಲ್ಲ, ತಮಟೆಯೂ ಇಲ್ಲ. ಅವಳು ಬಿಸಿನೀರಿನ ಚೊಂಬು ಹಿಡಿದು ಬೆನ್ನ ಹಿಂದೆ ನಿಂತು, ಸುರಿಯುವ ಮುಂಚೆ ಒಂದೇ ಒಂದು ಸಲ “ಏನಯ್ಯೋ” ಎಂದು ಕರೆಯುತ್ತಿದ್ದಳು. ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಆದರೂ ಕರೆಯುತ್ತಿದ್ದಳು. ಎರಡು ವರ್ಷ, ಒಂದು ದಿನ ತಪ್ಪದೆ.

ಎರಡು ಸಾವಿರದ ಒಂಬತ್ತರ ಒಂದು ಮಂಗಳವಾರ ಹಾಗೇ ನಿಂತು ಕರೆದಳು.

“ಏನಯ್ಯೋ.”

ಬೇಲಿಗೆ ಮುಖ ಮಾಡಿ ಕೂತವನ ಬಲಗೈ ಮೊಣಕಾಲಿನಿಂದ ಎದ್ದಿತು. ಸೋಪಿನ ನೊರೆ ಹತ್ತಿದ ತೋರುಬೆರಳು ಮೇಲಕ್ಕೆ ನಿಂತಿತು.

ಚೊಂಬು ಕೈಜಾರಿ ಕಲ್ಲಿನ ಮೇಲೆ ಢಣಾರೆಂದು ಬಿತ್ತು. ಚಿಕ್ಕಗಂಗಮ್ಮ ಕೆಸರಿನಲ್ಲಿ ಜಾರಿಕೊಂಡು ಅವನ ಮುಂದೆ ಹೋಗಿ ಮಂಡಿಯೂರಿದಳು. “ಕೇಳಿಸ್ತಾ? ಅಯ್ಯಾ, ಕೇಳಿಸ್ತಾ?”

ಅವನು ಅವಳ ಬಾಯಿ ನೋಡಿ ತಿಳಿದುಕೊಂಡ. ಇಲ್ಲ ಎಂದು ತಲೆ ಆಡಿಸಿದ.

“ನೀರು ಸುರಿಯೋಕೆ ಮುಂಚೆ ದಿನಾ ಒಂದು ಗಳಿಗೆ ನಿಲ್ಲಿಸ್ತೀಯ ಕಣೇ” ಎಂದ. “ನೀರು ಸುಮ್ನೆ ನಿಲ್ಲಲ್ಲ, ಯಾರಾದ್ರೂ ನಿಲ್ಲಿಸಿದ್ರೇನೇ ನಿಲ್ಲೋದು. ಹಿಂದೆ ನಿಂತ್ಕಂಡು ನೀನು ಇನ್ನೇನ್ ಮಾಡ್ತೀಯ, ಕರೀತೀಯ. ತುಂಬ ದಿನದಿಂದ ಗೊತ್ತು. ಆವತ್ತು ಎತ್ತದೇ ಹೋದ್ನಲ್ಲ, ಇವತ್ತು ಎತ್ತಿಬಿಡಾಣ ಅನ್ನಿಸ್ತು.”

ಅವಳು ಬಿದ್ದ ಚೊಂಬು ಎತ್ತಿಕೊಂಡು ಹಂಡೆಯಿಂದ ಮತ್ತೆ ನೀರು ತುಂಬಿ ತಂದಳು. ಅವನ ಬೆನ್ನ ಹಿಂದೆ ನಿಂತು ಕರೆದಳು. ಅವನ ಬೆರಳು ಇನ್ನೂ ಮೇಲೆಯೇ ಇತ್ತು.